ಕಿತ್ತಳೆ ಛಾವಣಿಯ ವಾರಸುದಾರರು

ಹೋಟೆಲುಗಳ ಚರಿತ್ರೆ ಬರೆಯಲು ಹೊರಟವರಿಗೆ ಒಂದು ಕಷ್ಟವಿದೆ. ರಾಜರು ಶಾಸನ ಹಾಕಿಸಿದರು, ಮಠಗಳು ಕಡತ ಕಟ್ಟಿಟ್ಟವು. ಹೋಟೆಲಿನವರು ಬಿಲ್ಲುಗಳನ್ನು ತಂತಿಗೆ ಚುಚ್ಚಿ ವರ್ಷದ ಕೊನೆಗೆ ರದ್ದಿಗೆ ಹಾಕಿದರು. ಅಮೆರಿಕದ ಹೆದ್ದಾರಿಗಳಲ್ಲಿ ಒಂದು ಕಾಲಕ್ಕೆ ಸಾವಿರ ದಾಟಿದ್ದ 'ಹೋವರ್ಡ್ ಜಾನ್ಸನ್ಸ್' ಎಂಬ ಕುಟುಂಬ ರೆಸ್ಟೋರೆಂಟ್ ಸರಣಿ ಹೇಗೆ ಎದ್ದಿತು, ಹೇಗೆ ಬಿತ್ತು ಎಂದು ಹುಡುಕಲು ಕುಳಿತಾಗ ಕೆಲವು ಮೆನು ಕಾರ್ಡು, ಒಂದಷ್ಟು ಬಣ್ಣದ ಪೋಸ್ಟ್‌ಕಾರ್ಡು ಸಿಕ್ಕರೆ ಸಾಕು ಅಂದುಕೊಂಡಿದ್ದೆ. ಮೊದಲು ಕೈಗೆ ಬಂದದ್ದು ನ್ಯಾಯಾಲಯದ ತೀರ್ಪು.

1959ರ ಜುಲೈ 16. ಅಮೆರಿಕದ ನಾಲ್ಕನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ. ಅರ್ಜಿದಾರ ಕೇಂದ್ರ ಸರ್ಕಾರದ ತೆರಿಗೆ ಇಲಾಖೆಯಲ್ಲಿದ್ದ ಕಪ್ಪು ವಕೀಲ. ವರ್ಜೀನಿಯಾದ ಅಲೆಕ್ಸಾಂಡ್ರಿಯಾದಲ್ಲಿರುವ ಹೋವರ್ಡ್ ಜಾನ್ಸನ್ಸ್‌ಗೆ ಊಟಕ್ಕೆ ಹೋದರೆ ಮೈಬಣ್ಣ ನೋಡಿ ಊಟ ಕೊಡಲಿಲ್ಲ ಎಂಬುದು ಅವರ ದೂರು. ಈ ಹೋಟೆಲು ನಡೆಯುವುದೇ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗುವ ಪ್ರಯಾಣಿಕರಿಂದ, ಆದ್ದರಿಂದ ಇದು ಅಂತರರಾಜ್ಯ ವ್ಯಾಪಾರ, ಸಂವಿಧಾನದ ಕಟ್ಟಳೆ ಇದಕ್ಕೂ ಅನ್ವಯಿಸಬೇಕು ಎಂಬುದು ವಾದ. ನ್ಯಾಯಾಲಯ ಒಪ್ಪಲಿಲ್ಲ. ದಾರಿಹೋಕರಿಗೆ ಊಟ ಬಡಿಸಿದ ಮಾತ್ರಕ್ಕೆ ಹೋಟೆಲು ಅಂತರರಾಜ್ಯ ವ್ಯಾಪಾರವಾಗುವುದಿಲ್ಲ. ಇದು ಸ್ಥಳೀಯ ವ್ಯಾಪಾರ. ಯಾರಿಗೆ ಬಡಿಸಬೇಕು, ಯಾರಿಗೆ ಬೇಡ ಎಂಬುದು ಅವರ ಇಷ್ಟ ಎಂದಿತು.

ಹೆದ್ದಾರಿಯ ಮೇಲೆ ಬೆಳೆದು, ಹೆದ್ದಾರಿಯಿಂದಲೇ ಉಂಡ ಕಂಪನಿ ಕಾನೂನಿನ ಕಣ್ಣಿಗೆ ಮೂಲೆಯ ಅಂಗಡಿ! ಆ ತೀರ್ಪು ಓದಿದ ಮೇಲೆ ಹುಡುಕಾಟದ ದಿಕ್ಕು ಬದಲಾಯಿತು. ಈ ಸರಣಿಯನ್ನು ಕೊಂದವರು ಯಾರು ಎಂಬ ಪ್ರಶ್ನೆಗೆ ಅಮೆರಿಕದಲ್ಲಿ ಸಿದ್ಧ ಉತ್ತರಗಳಿವೆ: ಮೆಕ್‌ಡೊನಾಲ್ಡ್ಸ್ ಬಂತು, ತೈಲದ ಬಿಕ್ಕಟ್ಟು ಬಂತು, ಮಗ ಅಪ್ಪನಷ್ಟು ಗಟ್ಟಿಗನಲ್ಲ, ಬ್ರಿಟಿಷ್ ಕಂಪನಿ ಕೊಂಡು ಕೆಡಿಸಿತು. ಒಂದೊಂದಕ್ಕೂ ಕಾಗದದ ಸಾಕ್ಷಿ ಎಷ್ಟಿದೆ ಎಂದು ನೋಡುವುದು ನನ್ನ ಕೆಲಸವಾಯಿತು.

ಐಸ್‌ಕ್ರೀಮಿನಿಂದ ಆರಂಭ

ಹೋವರ್ಡ್ ಡಿಯರಿಂಗ್ ಜಾನ್ಸನ್ ಹುಟ್ಟಿದ್ದು 1897ರಲ್ಲಿ, ಬಾಸ್ಟನ್ನಿನಲ್ಲಿ. ಅಪ್ಪನದು ಸಿಗಾರ್ ವ್ಯಾಪಾರ. ಮಗನಿಗೆ ಬಂದದ್ದು ಸಾಲ. 1925ರಲ್ಲಿ ಬಾಸ್ಟನ್ನಿನ ಪಕ್ಕದ ಕ್ವಿನ್ಸಿ ಪಟ್ಟಣದ ವೊಲಾಸ್ಟನ್ ಎಂಬಲ್ಲಿ ಒಂದು ಸಣ್ಣ ಔಷಧಿ ಅಂಗಡಿಯನ್ನು, ಅದರೊಳಗಿನ ಸೋಡಾ ಕೌಂಟರ್ ಸಮೇತ, ಮತ್ತಷ್ಟು ಸಾಲ ಮಾಡಿ ಕೊಂಡರು. ಪತ್ರಿಕೆ, ಸಿಗಾರ್, ಔಷಧಿ ಎಲ್ಲ ಇದ್ದ ಆ ಅಂಗಡಿಯಲ್ಲಿ ಜನ ನಿಲ್ಲುತ್ತಿದ್ದುದು ಸೋಡಾ ಕೌಂಟರಿನ ಮುಂದೆ. ಜಾನ್ಸನ್ ಅದನ್ನು ಗಮನಿಸಿದರು. ಮಾರುಕಟ್ಟೆಯ ಐಸ್‌ಕ್ರೀಮಿಗಿಂತ ಹೆಚ್ಚು, ಹತ್ತಿರಹತ್ತಿರ ಎರಡರಷ್ಟು, ಹಾಲಿನ ಕೊಬ್ಬು ಹಾಕಿ ತಾವೇ ಐಸ್‌ಕ್ರೀಮ್ ಮಾಡಿಸಿದರು. ಬೇಸಿಗೆಯಲ್ಲಿ ಕಡಲ ದಂಡೆಗಳಲ್ಲಿ ಗೂಡಂಗಡಿ ಇಟ್ಟು ಮಾರಿದರು. ಬಗೆಗಳು ಹೆಚ್ಚುತ್ತ 28ಕ್ಕೆ ಬಂದು ನಿಂತವು. ಆ '28 ರುಚಿ' ಮುಂದೆ ಪ್ರತಿ ಫಲಕದಲ್ಲೂ ಪ್ರತಿ ಮೆನುವಿನಲ್ಲೂ ಕುಳಿತಿತು.

1929ರಲ್ಲಿ ಕ್ವಿನ್ಸಿ ಚೌಕದ ಗ್ರಾನೈಟ್ ಟ್ರಸ್ಟ್ ಕಟ್ಟಡದ ನೆಲಮಹಡಿಯಲ್ಲಿ ಮೊದಲ ದೊಡ್ಡ ರೆಸ್ಟೋರೆಂಟ್ ತೆರೆಯಿತು. ಅದೇ ವರ್ಷ ಬಾಸ್ಟನ್ನಿನ ಮೇಯರ್ ಮಾಲ್ಕಂ ನಿಕೋಲ್ಸ್ ಯೂಜೀನ್ ಓನೀಲ್ ಅವರ 'ಸ್ಟ್ರೇಂಜ್ ಇಂಟರ್‌ಲೂಡ್' ನಾಟಕ ಅಶ್ಲೀಲವೆಂದು ನಿಷೇಧಿಸಿದರು. ನಾಟಕದವರು ಗಂಟುಮೂಟೆ ಕಟ್ಟಿಕೊಂಡು ಕ್ವಿನ್ಸಿಗೆ ಬಂದರು. ಒಂಬತ್ತು ಅಂಕಗಳ, ಐದು ಗಂಟೆಯ ಆ ನಾಟಕಕ್ಕೆ ನಡುವೆ ಊಟದ ಬಿಡುವು. ಬಾಸ್ಟನ್ನಿನ ಸಿರಿವಂತ ಪ್ರೇಕ್ಷಕರು ಆ ಬಿಡುವಿನಲ್ಲಿ ಊಟ ಹುಡುಕಿಕೊಂಡು ಬಂದದ್ದು ಹತ್ತಿರವಿದ್ದ ಜಾನ್ಸನ್ನರ ಹೊಸ ಹೋಟೆಲಿಗೆ. ಮೇಯರ್ ಒಂದು ನಾಟಕವನ್ನು ಓಡಿಸಲು ಹೋಗಿ ಒಂದು ಹೋಟೆಲನ್ನು ಓಡುವಂತೆ ಮಾಡಿದರು.

ತಿಂಗಳೊಪ್ಪತ್ತಿನಲ್ಲೇ ನ್ಯೂಯಾರ್ಕಿನ ಷೇರುಪೇಟೆ ಕುಸಿಯಿತು. ಜಾನ್ಸನ್ನರಿಗೆ ಬ್ಯಾಂಕುಗಳು ಸಾಲ ಕೊಡುವಂತಿರಲಿಲ್ಲ. ಆಗ ಹೊಳೆದ ಉಪಾಯವೇ ಮುಂದೆ ಜಗತ್ತಿನ ಹೋಟೆಲ್ ವ್ಯಾಪಾರದ ಮಾದರಿಯಾದದ್ದು. 1935ರಲ್ಲಿ ಕೇಪ್ ಕಾಡ್‌ನ ಆರ್ಲೀನ್ಸ್ ಎಂಬ ಊರಿನಲ್ಲಿ ರೆಜಿನಾಲ್ಡ್ ಸ್ಪ್ರೇಗ್ ಎಂಬವರು ತಮ್ಮ ಜಾಗದಲ್ಲಿ, ತಮ್ಮ ಹಣದಲ್ಲಿ ಕಟ್ಟಡ ಕಟ್ಟಿದರು. ಹೆಸರು, ವಿನ್ಯಾಸ, ತಿನಿಸು ಜಾನ್ಸನ್ನರದು. ಬಂಡವಾಳ ಇನ್ನೊಬ್ಬರದು, ಬೋರ್ಡು ನಮ್ಮದು. ಫ್ರಾಂಚೈಸಿ ಎಂಬ ಈ ಏರ್ಪಾಡಿಗೆ ಆಗಿನ್ನೂ ದೊಡ್ಡ ಹೆಸರಿರಲಿಲ್ಲ. 1939ರ ಹೊತ್ತಿಗೆ ಪೂರ್ವ ಕರಾವಳಿಯ ಹೆದ್ದಾರಿಗಳಲ್ಲಿ 107 ಹೋಟೆಲುಗಳಿದ್ದವು.

ಛಾವಣಿ, ಟೋಲ್ ರಸ್ತೆ, ಯುದ್ಧ

ಅಮೆರಿಕದ ರಸ್ತೆಬದಿಯ ಕಟ್ಟಡಗಳನ್ನು ಹತ್ತಿರಹತ್ತಿರ ನಾಲ್ಕು ದಶಕ ಚಿತ್ರಿಸಿದ ಜಾನ್ ಮಾರ್ಗೋಲೀಸ್ ಅವರ ಸಾವಿರಾರು ಬಣ್ಣದ ಸ್ಲೈಡುಗಳು ಈಗ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. ಯಾರು ಬೇಕಾದರೂ ನೋಡಬಹುದು. ಜಾನ್ಸನ್ನರ ಕಟ್ಟಡಗಳನ್ನು ಆ ಚಿತ್ರಗಳಲ್ಲಿ ನೋಡಿದರೆ ಛಾವಣಿಗೆ ಕಿತ್ತಳೆ ಬಣ್ಣ ಯಾಕೆ ಬಳಿದರು ಎಂದು ಕೇಳಬೇಕಾಗುವುದಿಲ್ಲ. ಬಿಳಿ ಗೋಡೆ, ಕಣ್ಣು ಕುಕ್ಕುವ ಕಿತ್ತಳೆ ಛಾವಣಿ, ಅದರ ಮೇಲೊಂದು ನೀಲಿ-ಹಸಿರಿನ ಪುಟ್ಟ ಗೋಪುರ, ತುದಿಯಲ್ಲಿ ಗಾಳಿಯ ದಿಕ್ಕು ತೋರಿಸುವ ಬಾಣ. ಕಾರಿನ ವೇಗದಲ್ಲಿ ಬರುವವನಿಗೆ ಫಲಕ ಓದುವಷ್ಟು ಪುರುಸೊತ್ತಿಲ್ಲ. ಹಿಂದಿನ ಸೀಟಿನ ಮಗು ದೂರದಿಂದಲೇ ಗುರುತು ಹಿಡಿದು ಹಟ ಮಾಡಬೇಕು. ಅಪ್ಪ ಬ್ರೇಕ್ ಒತ್ತಲು ಅಷ್ಟು ಹೊತ್ತು ಸಿಗಬೇಕು.

1940ರ ಅಕ್ಟೋಬರ್ 1ರಂದು ಪೆನ್ಸಿಲ್ವೇನಿಯಾ ಟರ್ನ್‌ಪೈಕ್ ತೆರೆಯಿತು. ಕಾರ್ಲೈಲ್‌ನಿಂದ ಅರ್ವಿನ್‌ವರೆಗೆ 160 ಮೈಲಿ, ಸಿಗ್ನಲ್ ಇಲ್ಲ, ಅಡ್ಡರಸ್ತೆ ಇಲ್ಲ, ಟೋಲ್ ಕಟ್ಟಿ ಹೋಗಬೇಕು. ದಾರಿಯ ತಂಗುದಾಣಗಳಲ್ಲಿ ಪೆಟ್ರೋಲ್ ಹಾಕುವ ಗುತ್ತಿಗೆ ಸ್ಟ್ಯಾಂಡರ್ಡ್ ಆಯಿಲ್‌ನದು, ಊಟದ ಗುತ್ತಿಗೆ ಹೋವರ್ಡ್ ಜಾನ್ಸನ್ಸ್‌ನದು. ಮುಂದೆ ಓಹಾಯೋ, ನ್ಯೂಜೆರ್ಸಿಯ ಟೋಲ್ ರಸ್ತೆಗಳಲ್ಲೂ ಇದೇ ಕಿತ್ತಳೆ ಛಾವಣಿ ಬಂತು. ಟೋಲ್ ರಸ್ತೆಯಲ್ಲಿ ಹಸಿದವನಿಗೆ ಬೇರೆ ಆಯ್ಕೆ ಇಲ್ಲ; ಹೊರಗೆ ಹೋದರೆ ಮತ್ತೆ ಟೋಲ್ ಕಟ್ಟಬೇಕು. ಇದನ್ನು ಇಲ್ಲೇ ಗಂಟು ಹಾಕಿಟ್ಟುಕೊಳ್ಳಬೇಕು.

ಯುದ್ಧ ಬಂದಾಗ ಪೆಟ್ರೋಲಿಗೂ ಟೈರಿಗೂ ಪಡಿತರ ಬಂತು, ಸಕ್ಕರೆಗೂ ಬಂತು. ಮೋಜಿಗೆ ಕಾರು ಹತ್ತುವವರಿಲ್ಲ. 1944ರಲ್ಲಿ ತೆರೆದಿದ್ದ ಹೋಟೆಲುಗಳು ಬರೀ 12. ಕಂಪನಿ ಉಸಿರು ಹಿಡಿದುಕೊಂಡದ್ದು ಯುದ್ಧದ ಕಾರ್ಖಾನೆಗಳ ಕಾರ್ಮಿಕರಿಗೂ ಸೈನ್ಯಕ್ಕೂ ಊಟ ಮಾಡಿಹಾಕಿ. ಯುದ್ಧ ಮುಗಿಯಿತು, ಸೈನಿಕರು ಮನೆಗೆ ಮರಳಿದರು, ಮದುವೆಯಾದರು, ಕಾರು ಕೊಂಡರು, ಮಕ್ಕಳಾದವು. 1954ಕ್ಕೆ 32 ರಾಜ್ಯಗಳಲ್ಲಿ 400 ಹೋಟೆಲುಗಳು. ಅದೇ ವರ್ಷ ಜಾರ್ಜಿಯಾದ ಸವಾನಾದಲ್ಲಿ ಮೊದಲ ಮೋಟಾರ್ ಲಾಡ್ಜ್ ತೆರೆದು, ಉಂಡವರಿಗೆ ಮಲಗುವ ವ್ಯವಸ್ಥೆಯನ್ನೂ ಸೇರಿಸಿತು.

ಹನ್ನೆರಡಕ್ಕೆ ಇಳಿದು ಮತ್ತೆ ನಾನೂರಕ್ಕೆ ಏರಿದ ಈ ಅಂಕಿ ನನ್ನನ್ನು ತುಂಬ ಹೊತ್ತು ಹಿಡಿದು ನಿಲ್ಲಿಸಿತು. ಪೆಟ್ರೋಲ್ ಇಲ್ಲದ ಕಾಲವನ್ನು ಒಮ್ಮೆ ದಾಟಿ ಬಂದಿದ್ದ ಕಂಪನಿಯೇ 1973ರ ತೈಲ ಬಿಕ್ಕಟ್ಟಿಗೆ ಬಲಿಯಾಯಿತು ಎಂಬ ಮಾತು ಅಷ್ಟು ಸಲೀಸಾಗಿ ಗಂಟಲಿಗೆ ಇಳಿಯುವುದಿಲ್ಲ.

ಒಂದೇ ರುಚಿಯ ಕಾರ್ಖಾನೆ

ಮೆನುಗಳು ಮಾತಾಡುವ ದಾಖಲೆಗಳು. ಬೆಣ್ಣೆಯಲ್ಲಿ ಸುಟ್ಟ ಫ್ರಾಂಕ್‌ಫರ್ಟರ್, ಕೋಳಿಮಾಂಸದ ಪೈ, ನ್ಯೂ ಇಂಗ್ಲೆಂಡಿನವರ ಬೇಯಿಸಿದ ಬೀನ್ಸ್ ಕಾಳು ಮತ್ತು ಕಂದು ಬ್ರೆಡ್ಡು, ಮಕ್ಕಳಿಗೆ ಬೇರೆಯೇ ಮೆನು. ಎಲ್ಲಕ್ಕಿಂತ ಹೆಸರಾದದ್ದು ಕರಿದ ಕ್ಲಾಮ್. ನಮ್ಮ ಕರಾವಳಿಯವರು ಮರುವಾಯಿ ಎನ್ನುವ ಚಿಪ್ಪುಜೀವಿಯ ಜಾತಿಯದು ಇದು. ನ್ಯೂ ಇಂಗ್ಲೆಂಡಿನವರು ಅದನ್ನು ಹೊಟ್ಟೆಯ ಭಾಗದ ಸಮೇತ ಕರಿದು ತಿನ್ನುತ್ತಿದ್ದರು. ಒಳನಾಡಿನ ಅಮೆರಿಕನ್ನರಿಗೆ ಅದು ಒಗ್ಗುವಂಥದಲ್ಲ. ಮ್ಯಾಸಚೂಸೆಟ್ಸ್‌ನ ಇಪ್ಸ್‌ವಿಚ್‌ನ ಸಾಫ್ರಾನ್ ಸಹೋದರರು ಹೊಟ್ಟೆಯನ್ನು ತೆಗೆದು, ಗಟ್ಟಿ ಮಾಂಸವನ್ನಷ್ಟೇ ಪಟ್ಟಿಪಟ್ಟಿಯಾಗಿ ಕೊಯ್ದು ಹೋವರ್ಡ್ ಜಾನ್ಸನ್ಸ್‌ಗೆ ಕೊಟ್ಟರು. ಕಡಲು ಕಾಣದ ಊರಿನ ಮಕ್ಕಳೂ ಬಾಯಿ ಚಪ್ಪರಿಸಿ ತಿಂದರು.

ಅಡುಗೆಯ ಹೆಚ್ಚಿನ ಪಾಲು ಹೋಟೆಲಿನಲ್ಲಿ ಆಗುತ್ತಿರಲಿಲ್ಲ. ಕಂಪನಿಯ ದೊಡ್ಡ ಕೇಂದ್ರ ಅಡುಗೆಮನೆಗಳಲ್ಲಿ ಬೇಯಿಸಿ, ಅಳೆದು, ಹೆಪ್ಪುಗಟ್ಟಿಸಿ ಲಾರಿಗಳಲ್ಲಿ ಕಳಿಸುತ್ತಿದ್ದರು. ಹೋಟೆಲಿನವನು ಬಿಸಿ ಮಾಡಿ ಬಡಿಸಬೇಕು. ಬಡಿಸುವ ಹುಡುಗಿಯರ ಉಡುಪಿನಿಂದ ಹಿಡಿದು ತಟ್ಟೆಯಲ್ಲಿ ಯಾವುದು ಎಲ್ಲಿರಬೇಕು ಎಂಬುದರ ತನಕ ಬರೆದಿಟ್ಟ ನಿಯಮದ ಪುಸ್ತಕಕ್ಕೆ ಕಂಪನಿಯೊಳಗಿನವರು 'ಬೈಬಲ್' ಎನ್ನುತ್ತಿದ್ದರು. ಯಜಮಾನರು ಹೇಳದೆ ಕೇಳದೆ ಬಂದು ಪರೀಕ್ಷೆ ಮಾಡುತ್ತಿದ್ದರು.

ಇಲ್ಲಿ ದಾಖಲೆಗಳ ನಡುವೆ ಇಬ್ಬರು ಅನಿರೀಕ್ಷಿತ ವ್ಯಕ್ತಿಗಳು ಎದುರಾದರು. ನ್ಯೂಯಾರ್ಕಿನ ಅತ್ಯಂತ ಪ್ರತಿಷ್ಠಿತ ಫ್ರೆಂಚ್ ರೆಸ್ಟೋರೆಂಟ್ 'ಲ ಪವಿಯೋಂ'ಗೆ ಜಾನ್ಸನ್ ಖಾಯಂ ಗಿರಾಕಿ. 1960ರಲ್ಲಿ ಅಲ್ಲಿನ ಮುಖ್ಯ ಬಾಣಸಿಗ ಪಿಯರ್ ಫ್ರಾನೇ ಅವರನ್ನೂ ಅವರ ಕೈಕೆಳಗಿದ್ದ ಎಳೆಯ ಜಾಕ್ ಪೆಪಾನ್ ಅವರನ್ನೂ ತಮ್ಮ ಹೆದ್ದಾರಿ ಹೋಟೆಲಿಗೆ ಕರೆತಂದರು. ಪೆಪಾನ್ ಫ್ರಾನ್ಸಿನ ನಾಯಕ ದ ಗಾಲ್ ಅವರಿಗೆ ಅಡುಗೆ ಮಾಡಿದ್ದವರು. ಕೆನಡಿಯ ಶ್ವೇತಭವನದ ಅಡುಗೆಮನೆಗೆ ಬಂದ ಕರೆಯನ್ನು ಬಿಟ್ಟು ಹೋವರ್ಡ್ ಜಾನ್ಸನ್ಸ್‌ಗೆ ಸೇರಿದರು! 2003ರಲ್ಲಿ ಬಂದ ಆತ್ಮಕಥೆಯಲ್ಲಿ ಅವರು ಅದನ್ನೆಲ್ಲ ವಿವರವಾಗಿ ಬರೆದಿದ್ದಾರೆ. ಕೆಲಸ ಶುರುವಾದದ್ದು ಸಾಮಾನ್ಯ ಅಡುಗೆಯವನಂತೆ, ಕಾವಲಿಯ ಮೇಲೆ ಹ್ಯಾಂಬರ್ಗರ್ ಮಗುಚುವುದರಿಂದ. ಆಮೇಲೆ ಕ್ವೀನ್ಸ್‌ನ ಕೇಂದ್ರ ಅಡುಗೆಮನೆಯಲ್ಲಿ ಮಾರ್ಗರೀನ್ ತೆಗೆದು ಬೆಣ್ಣೆ ತಂದರು, ಹೆಪ್ಪುಗಟ್ಟಿಸಿದ ಈರುಳ್ಳಿ ತೆಗೆದು ತಾಜಾ ಈರುಳ್ಳಿ ತಂದರು. ಒಂದು ಪಾತ್ರೆಯಲ್ಲಿ ಹದ ಮಾಡಿದ ಸೂಪನ್ನು ಸಾವಿರಾರು ಗ್ಯಾಲನ್ನಿಗೆ ಹಿಗ್ಗಿಸಿದರೂ ರುಚಿ ಕೆಡದಂತೆ ಉಳಿಸುವುದು ಹೇಗೆಂದು ಅಲ್ಲಿ ಕಲಿತರು. ಹಿರಿಯ ಜಾನ್ಸನ್ ಇರುವಷ್ಟು ಕಾಲ ಒಳ್ಳೆಯ ಸಾಮಾನಿಗೆ ಹಣ ಹಾಕಲು ಕಂಪನಿ ಹಿಂದೆಮುಂದೆ ನೋಡಲಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

1961ರಲ್ಲಿ ಕಂಪನಿ ಷೇರುಪೇಟೆಗೆ ಹೋದಾಗ ಹೋಟೆಲುಗಳು 605, ಲಾಡ್ಜುಗಳು 88. 1965ರ ಮಾರಾಟ ಮೆಕ್‌ಡೊನಾಲ್ಡ್ಸ್, ಬರ್ಗರ್ ಕಿಂಗ್, ಕೆಂಟಕಿ ಫ್ರೈಡ್ ಚಿಕನ್ ಮೂರನ್ನು ಸೇರಿಸಿದರೂ ಅದಕ್ಕಿಂತ ಹೆಚ್ಚಿತ್ತು. 1968ರ ಸ್ಟ್ಯಾನ್ಲಿ ಕುಬ್ರಿಕ್ ಚಿತ್ರ '2001: ಎ ಸ್ಪೇಸ್ ಒಡಿಸ್ಸಿ'ಯ ಬಾಹ್ಯಾಕಾಶ ನಿಲ್ದಾಣದಲ್ಲಿ ಹೋವರ್ಡ್ ಜಾನ್ಸನ್ಸ್ ಫಲಕವಿದೆ. ಮೂವತ್ತು ವರ್ಷ ಮುಂದಿನ ಲೋಕವನ್ನು ಊಹಿಸಿದವರಿಗೂ ಈ ಹೋಟೆಲು ಇಲ್ಲದ ಲೋಕ ಊಹೆಗೆ ಬರಲಿಲ್ಲ.

ಯಾರ ಕುಟುಂಬ?

ಮೊದಲು ಸಿಕ್ಕ ತೀರ್ಪಿಗೆ ಮರಳಬೇಕು. ಕಂಪನಿಯ ಜಾಹೀರಾತಿನಲ್ಲಿ ಅಪ್ಪ, ಅಮ್ಮ, ಎರಡು ಮಕ್ಕಳು ಇರುತ್ತಾರೆ. ಅದೇ ಕಾಲದ ಇನ್ನೊಂದು ದಾಖಲೆ 'ಗ್ರೀನ್ ಬುಕ್'. ಹಾರ್ಲೆಮ್‌ನ ಅಂಚೆಯವನಾಗಿದ್ದ ವಿಕ್ಟರ್ ಗ್ರೀನ್ 1936ರಿಂದ ಹೊರತಂದ, ಕಪ್ಪು ಪ್ರಯಾಣಿಕರು ಎಲ್ಲಿ ಉಣ್ಣಬಹುದು, ಎಲ್ಲಿ ಮಲಗಬಹುದು ಎಂದು ಹೇಳುವ ಕೈಪಿಡಿ. ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದವರು ಅದರ ಸಂಚಿಕೆಗಳನ್ನು ಈಗ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಒಂದೇ ಹೆದ್ದಾರಿಗೆ ಎರಡು ನಕಾಶೆ ಬೇಕಾಗಿದ್ದ ದೇಶ ಅದು.

1957ರ ಅಕ್ಟೋಬರ್. ಆ ವರ್ಷವಷ್ಟೇ ಸ್ವತಂತ್ರವಾಗಿದ್ದ ಘಾನಾದ ಹಣಕಾಸು ಮಂತ್ರಿ ಕೊಮ್ಲಾ ಗ್ಬೆಡೆಮಾ ಡೆಲವೇರ್ ರಾಜ್ಯದ ಡೋವರ್‌ನ ಹೋವರ್ಡ್ ಜಾನ್ಸನ್ಸ್‌ನಲ್ಲಿ ಕಾರು ನಿಲ್ಲಿಸಿದರು. ಎರಡು ಲೋಟ ಕಿತ್ತಳೆ ರಸ ಕೇಳಿದರು, ದುಡ್ಡು ಕೊಟ್ಟರು. ಒಳಗೆ ಕೂತು ಕುಡಿಯುವಂತಿಲ್ಲ, ಹೊರಗೆ ಒಯ್ಯಬೇಕು ಎಂದರು ಹೋಟೆಲಿನವರು. ಕೆಲವೇ ತಿಂಗಳ ಹಿಂದೆ ಘಾನಾಕ್ಕೆ ಬಂದಿದ್ದ ಅಮೆರಿಕದ ಉಪಾಧ್ಯಕ್ಷ ನಿಕ್ಸನ್‌ಗೆ ಆತಿಥ್ಯ ನೀಡಿದ್ದ ಮಂತ್ರಿ ರಸವನ್ನೂ ಚಿಲ್ಲರೆಯನ್ನೂ ಅಲ್ಲೇ ಬಿಟ್ಟು ಹೊರಬಂದರು. ಸುದ್ದಿ ಜಗತ್ತಿಗೆಲ್ಲ ಹಬ್ಬಿತು. ಅಧ್ಯಕ್ಷ ಐಸೆನ್‌ಹೋವರ್ ಮಂತ್ರಿಯನ್ನು ಶ್ವೇತಭವನಕ್ಕೆ ಬೆಳಗಿನ ಉಪಾಹಾರಕ್ಕೆ ಕರೆದು ಸಮಾಧಾನಪಡಿಸಬೇಕಾಯಿತು. ಮಂತ್ರಿಗೆ ಉಪಾಹಾರ ಸಿಕ್ಕಿತು. ಎರಡು ವರ್ಷದ ಮೇಲೆ ಅಲೆಕ್ಸಾಂಡ್ರಿಯಾದ ಮೊಕದ್ದಮೆಯಲ್ಲಿ ಸಾಮಾನ್ಯ ಪ್ರಜೆಗೆ ಸಿಕ್ಕಿದ್ದು 'ಇದು ಸ್ಥಳೀಯ ವ್ಯಾಪಾರ' ಎಂಬ ಉತ್ತರ.

1962ರಲ್ಲಿ ಜನಾಂಗೀಯ ಸಮಾನತೆಗಾಗಿ ಹೋರಾಡುತ್ತಿದ್ದ 'ಕೋರ್' ಸಂಘಟನೆ 'ಫ್ರೀಡಂ ಹೈವೇಸ್' ಎಂಬ ಚಳವಳಿ ಹೂಡಿದಾಗ ನಾರ್ತ್ ಕ್ಯಾರೊಲಿನಾದಲ್ಲಿ ಮುಖ್ಯ ಗುರಿ ಇದೇ ಹೋಟೆಲು. ಡರ್ಹಮ್ ನಗರದ ಹೋವರ್ಡ್ ಜಾನ್ಸನ್ಸ್ ಮುಂದೆ ಆ ವರ್ಷವೂ ಮುಂದಿನ ವರ್ಷವೂ ದೊಡ್ಡ ಧರಣಿಗಳಾದವು. ನೂರಾರು ಮಂದಿ ಬಂಧನಕ್ಕೆ ಒಳಗಾದರು. ಚಳವಳಿಗಾರರು ಈ ಸರಣಿಯನ್ನು ಯಾಕೆ ಆರಿಸಿದರು ಎಂಬುದು ಸ್ಪಷ್ಟ: ದೇಶವೆಲ್ಲ ಒಂದೇ ಛಾವಣಿ, ಒಂದೇ ಹೆಸರು. ಒಂದು ಕಡೆ ಬಾಗಿಲು ತೆರೆದರೆ ಎಲ್ಲ ಕಡೆ ತೆರೆಯಬೇಕು. ಒಂದೂರಿನಲ್ಲಿ ಮುಚ್ಚಿದರೆ ಉತ್ತರದ ಊರುಗಳಲ್ಲೂ ಅದರ ಮುಂದೆ ಫಲಕ ಹಿಡಿದು ನಿಲ್ಲಬಹುದು. ಕೊನೆಗೆ 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಎರಡನೇ ಅಧ್ಯಾಯದ ಪಠ್ಯ ತೆರೆದು ನೋಡಿದೆ. ಅಂತರರಾಜ್ಯ ಪ್ರಯಾಣಿಕರಿಗೆ ಬಡಿಸುವ ಅಥವಾ ಬಡಿಸಲು ಮುಂದಾಗುವ ಯಾವುದೇ ಹೋಟೆಲು ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ ಎಂದಿದೆ. 1959ರಲ್ಲಿ ಆ ವಕೀಲರು ಸೋತ ವಾದವೇ ಐದು ವರ್ಷದಲ್ಲಿ ಕಾನೂನಾಗಿತ್ತು.

ಈ ಕಾಗದಗಳಿಂದ ಕಂಪನಿಯ ಸ್ವಭಾವದ ಒಂದು ಎಳೆ ನನ್ನ ಕೈಗೆ ಸಿಕ್ಕಿತು. ಲಾಭದ ಮಾತು ಬಂದಾಗ ಹೋವರ್ಡ್ ಜಾನ್ಸನ್ಸ್ ಇಡೀ ದೇಶಕ್ಕೆ ಒಂದು. ಹೊಣೆಯ ಮಾತು ಬಂದಾಗ ಪ್ರತಿ ಹೋಟೆಲೂ ಬೇರೆ.

ಅದೇ ಎಳೆ ಹಿಡಿದು ಹೋದರೆ 1974ರ ಸುಪ್ರೀಂ ಕೋರ್ಟ್ ತೀರ್ಪು. ಮಿಷಿಗನ್‌ನ ಬೆಲ್‌ವಿಲ್‌ನಲ್ಲಿ ಫ್ರಾಂಚೈಸಿಯಾಗಿ ನಡೆಯುತ್ತಿದ್ದ ಒಂದು ಹೋಟೆಲು ಮತ್ತು ಲಾಡ್ಜನ್ನು 1972ರಲ್ಲಿ ಕಂಪನಿ ತಾನೇ ವಹಿಸಿಕೊಂಡಿತು. ಹಳೆಯ ಮಾಲೀಕರ ಬಳಿ 53 ಕೆಲಸಗಾರರಿದ್ದರು, ಅವರಿಗೆ ಕಾರ್ಮಿಕ ಸಂಘವಿತ್ತು, ಲಿಖಿತ ಒಪ್ಪಂದವಿತ್ತು. ಕಂಪನಿ 45 ಜನರೊಡನೆ ಕೆಲಸ ಶುರುಮಾಡಿತು; ಅವರಲ್ಲಿ ಹಳಬರು ಬರೀ 9. ಒಪ್ಪಂದ ಹಳೆಯ ಮಾಲೀಕರದು, ನಮಗೆ ಸಂಬಂಧವಿಲ್ಲ ಎಂಬ ಕಂಪನಿಯ ವಾದವನ್ನು ನ್ಯಾಯಾಲಯ ಎತ್ತಿಹಿಡಿಯಿತು. ತೀರ್ಪು ಬರೆದವರು ನಾಗರಿಕ ಹಕ್ಕುಗಳ ಹೋರಾಟದ ಹೆಸರಾಂತ ವಕೀಲರಾಗಿದ್ದ ಥರ್ಗುಡ್ ಮಾರ್ಷಲ್. ಅದೇ ಛಾವಣಿ, ಅದೇ ಫಲಕ, ಅದೇ ಮೆನು. ಬಡಿಸುವ ಕೈ ಮಾತ್ರ ಬೇರೆ. ಕಾನೂನಿಗೆ ಅದು ತಪ್ಪಾಗಿ ಕಾಣಲಿಲ್ಲ. ಆದರೆ ಹೋಟೆಲಿನ ರುಚಿ ಇರುವುದು ನಿಯಮದ ಪುಸ್ತಕದಲ್ಲೋ, ವರ್ಷಗಟ್ಟಲೆ ಬಡಿಸಿದ ಕೈಯಲ್ಲೋ?

ಕಾನೂನಿನ ಒಂದು ಸಾಲು

ಇನ್ನು ಆರೋಪಿಗಳ ಪಟ್ಟಿಗೆ ಬರೋಣ. ಮೊದಲನೆಯದು ಮೆಕ್‌ಡೊನಾಲ್ಡ್ಸ್. ಅದನ್ನು ದೊಡ್ಡ ಸರಣಿಯಾಗಿ ಬೆಳೆಸಿದ ರೇ ಕ್ರಾಕ್ ತಮ್ಮ ಮೊದಲ ಅಂಗಡಿ ತೆರೆದದ್ದು 1955ರಲ್ಲಿ. ಮರುವರ್ಷವೇ ಐಸೆನ್‌ಹೋವರ್ ಅಂತರರಾಜ್ಯ ಹೆದ್ದಾರಿ ಕಾಯ್ದೆಗೆ ಸಹಿ ಹಾಕಿದರು: 41,000 ಮೈಲಿ ಹೊಸ ರಸ್ತೆ. ಹೆದ್ದಾರಿ ಹೋಟೆಲಿಗೆ ಇದಕ್ಕಿಂತ ಹಬ್ಬ ಬೇಕೆ ಎನಿಸುತ್ತದೆ. ಆದರೆ ಅಮೆರಿಕದ ಹೆದ್ದಾರಿ ಕಾನೂನಿನಲ್ಲಿ ಒಂದು ಕಲಮು ಇದೆ. ಅಂತರರಾಜ್ಯ ಹೆದ್ದಾರಿಯ ಸ್ವಂತ ಜಾಗದಲ್ಲಿ ಪೆಟ್ರೋಲ್ ಬಂಕಾಗಲಿ, ವಾಹನ ಸವಾರರಿಗಾಗಿ ಬೇರೆ ವ್ಯಾಪಾರವಾಗಲಿ ಇಡುವಂತಿಲ್ಲ. ಮೊದಲೇ ಇದ್ದ ಟೋಲ್ ರಸ್ತೆಗಳ ತಂಗುದಾಣಗಳು ಉಳಿದವು. ಹೊಸ ರಸ್ತೆಗಳಲ್ಲಿ ಊಟ ಬೇಕೆಂದರೆ ಹೆದ್ದಾರಿ ಬಿಟ್ಟು ಕೆಳಗಿಳಿಯಬೇಕು.

ಹಾಗೆ ಇಳಿದ ತಿರುವಿನಲ್ಲಿ ಯಾರಿಗೂ ಏಕಸ್ವಾಮ್ಯವಿಲ್ಲ. ಒಂದರ ಪಕ್ಕ ಒಂದು, ನಾಲ್ಕಾರು ಫಲಕಗಳು. ಎರಡು ನಿಮಿಷಕ್ಕೆ ಕೈಗೆ ಪೊಟ್ಟಣ ಕೊಡುವವನೊಬ್ಬ, ಅರ್ಧ ಗಂಟೆ ಕೂರಿಸಿ ಬಡಿಸುವವನೊಬ್ಬ. ಟೋಲ್ ರಸ್ತೆಯಲ್ಲಿ ಬೇರೆ ಗತಿಯಿಲ್ಲದ ಗಿರಾಕಿಗೆ ಬಡಿಸಿ ಅಭ್ಯಾಸವಾಗಿದ್ದ ಕಂಪನಿ ಈಗ ಪ್ರತಿ ತಿರುವಿನಲ್ಲೂ ಗಿರಾಕಿಯನ್ನು ಗೆಲ್ಲಬೇಕಿತ್ತು. ನಾನು ಮೊದಲು ಗಂಟು ಹಾಕಿಟ್ಟದ್ದು ಇಲ್ಲಿ ಬಿಚ್ಚಿಕೊಂಡಿತು. ಏಕಸ್ವಾಮ್ಯ ತಂದುಕೊಟ್ಟ ಲಾಭ ಒಂದು ಕಡೆ, ಅದು ಕಲಿಸಿದ ಉದಾಸೀನ ಇನ್ನೊಂದು ಕಡೆ. 1970ರ ದಶಕದ ಕೊನೆಯಲ್ಲಿ ಪೆನ್ಸಿಲ್ವೇನಿಯಾ ಟರ್ನ್‌ಪೈಕ್ ಕೂಡ ಬೇರೆಯವರಿಗೆ ಜಾಗ ಕೊಟ್ಟಿತು.

ಎರಡನೆಯದು ತೈಲ. 1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ಅಮೆರಿಕಕ್ಕೆ ತೈಲ ನಿಲ್ಲಿಸಿದವು. ಕಂಪನಿಯ ಆದಾಯದಲ್ಲಿ ಶೇ 85ರಷ್ಟು ಕಾರಿನ ಪ್ರಯಾಣಿಕರಿಂದ ಬರುತ್ತಿತ್ತು ಎಂಬುದು ಕಂಪನಿಯ ಇತಿಹಾಸಗಳಲ್ಲೆಲ್ಲ ಬರುವ ಲೆಕ್ಕ. ಪೆಟ್ಟು ಬಿದ್ದದ್ದು ನಿಜ. ಆದರೆ ನಿರ್ಬಂಧ 1974ರ ಮಾರ್ಚಿಗೆ ಮುಗಿಯಿತು. 1975ರಲ್ಲೂ 900ಕ್ಕೂ ಹೆಚ್ಚು ಹೋಟೆಲು, 500ಕ್ಕೂ ಹೆಚ್ಚು ಲಾಡ್ಜುಗಳಿದ್ದವು. ತೈಲದಿಂದ ಸತ್ತವನ ಲೆಕ್ಕ ಹೀಗಿರುವುದಿಲ್ಲ.

ಮೂರನೆಯದು ಮಗ. ಹೋವರ್ಡ್ ಬ್ರೆನನ್ ಜಾನ್ಸನ್ 1959ರಲ್ಲಿ ಅಧಿಕಾರ ವಹಿಸಿಕೊಂಡರು. ಷೇರುದಾರರಿಗೆ ವರ್ಷವರ್ಷವೂ ಏರುವ ಲಾಭ ತೋರಿಸಬೇಕಾದ ಕಾಲ ಅವರದು. ಖರ್ಚು ಕಡಿತ ಅಡುಗೆಮನೆಗೂ, ಬಡಿಸುವವರ ಸಂಖ್ಯೆಗೂ ಬಂತು. 'ಗ್ರೌಂಡ್ ರೌಂಡ್', 'ರೆಡ್ ಕೋಚ್ ಗ್ರಿಲ್' ಎಂಬ ಬೇರೆ ಸರಣಿಗಳತ್ತ ಗಮನ ಹಂಚಿಹೋಯಿತು. ಪೆಪಾನ್ 1970ರಲ್ಲಿ ಕೆಲಸ ಬಿಟ್ಟರು. ಹಿರಿಯ ಜಾನ್ಸನ್ ತೀರಿಕೊಂಡದ್ದು 1972ರ ಜೂನ್ 20ರಂದು. ಮೂರು ದಿನ ಮುಂಚೆಯಷ್ಟೇ ವಾಷಿಂಗ್ಟನ್ನಿನ ವಾಟರ್‌ಗೇಟ್ ಕಟ್ಟಡದಲ್ಲಿ ಕಳ್ಳರು ಸಿಕ್ಕಿಬಿದ್ದಿದ್ದರು. ಅವರ ಕಾವಲಿನವನು ಎದುರು ಬದಿಯಲ್ಲಿದ್ದುಕೊಂಡು ಕಣ್ಣಿಟ್ಟಿದ್ದದ್ದು ಹೋವರ್ಡ್ ಜಾನ್ಸನ್ ಲಾಡ್ಜಿನ 723ನೇ ಕೋಣೆಯಿಂದ. ಸೆನೆಟ್ ಸಮಿತಿಯ ವಿಚಾರಣೆಯ ಪುಟಗಳಲ್ಲಿ ಕಂಪನಿಯ ಹೆಸರು ಹೀಗೆ ಬಂದು ಹೋಗುತ್ತದೆ.

ಮಾರಾಟ, ಮರುಮಾರಾಟ

1979ರಲ್ಲಿ ಬ್ರಿಟನ್ನಿನ ಇಂಪೀರಿಯಲ್ ಗ್ರೂಪ್ ಹೋವರ್ಡ್ ಜಾನ್ಸನ್ ಕಂಪನಿಯನ್ನು ಕೊಳ್ಳಲು ಒಪ್ಪಿತು; ಬೆಲೆ 63 ಕೋಟಿ ಡಾಲರ್. ಇಂಪೀರಿಯಲ್ ಮೂಲತಃ ಸಿಗರೇಟಿನ ಕಂಪನಿ, ಬಿಯರ್ ಬಟ್ಟಿಯೂ ಇತ್ತು. ಸಿಗರೇಟಿನ ಭವಿಷ್ಯ ಮಂಕಾಗುತ್ತಿದ್ದುದರಿಂದ ಬೇರೆ ಆದಾಯ ಹುಡುಕುತ್ತಿತ್ತು. ಕೈಸೇರಿದ್ದು ಸುಮಾರು 1,040 ಹೋಟೆಲು, 520 ಲಾಡ್ಜು. ಮುಕ್ಕಾಲು ಪಾಲು ಹೋಟೆಲುಗಳು ಕಂಪನಿಯ ಸ್ವಂತದವು. ಐದೇ ವರ್ಷ. 1985ರಲ್ಲಿ ಮ್ಯಾರಿಯಟ್ ಕಂಪನಿಗೆ ಮಾರಿದಾಗ ಬೆಲೆ 31.4 ಕೋಟಿ, ಕೊಂಡ ಬೆಲೆಯ ಅರ್ಧಕ್ಕೂ ಕಡಿಮೆ. ಉಳಿದಿದ್ದ ಹೋಟೆಲುಗಳು ಸ್ವಂತದ್ದು 418, ಫ್ರಾಂಚೈಸಿಯವು 199. ಹೋದ ನಾನೂರಕ್ಕೂ ಹೆಚ್ಚು ಹೋಟೆಲುಗಳಿಗೆ ಯುದ್ಧವೂ ಬಂದಿರಲಿಲ್ಲ, ಪಡಿತರವೂ ಇರಲಿಲ್ಲ.

ಮ್ಯಾರಿಯಟ್‌ಗೆ ಬೇಕಿದ್ದದ್ದು ಐಸ್‌ಕ್ರೀಮ್ ಅಲ್ಲ, ಜಾಗ. ಲಾಡ್ಜುಗಳನ್ನೂ ಹೆಸರಿನ ಹಕ್ಕನ್ನೂ 23.5 ಕೋಟಿಗೆ ಪ್ರೈಮ್ ಮೋಟರ್ ಇನ್ಸ್ ಎಂಬ ಕಂಪನಿಗೆ ಕೊಟ್ಟಿತು. ಒಳ್ಳೆಯ ತಿರುವುಗಳಲ್ಲಿದ್ದ ಹೋಟೆಲು ಕಟ್ಟಡಗಳನ್ನು ತನ್ನ ಬಿಗ್ ಬಾಯ್ ಮೊದಲಾದ ಸರಣಿಗಳಿಗೆ ಬದಲಾಯಿಸಿತು, ಉಳಿದದ್ದನ್ನು ಕಳಚಿತು. ಮಾರ್ಗೋಲೀಸ್ ಅವರಂಥವರು ಕ್ಯಾಮೆರಾ ಹಿಡಿದು ಓಡಾಡಿದ್ದು ಇದೇ ಕಾಲದಲ್ಲಿ. ಕಿತ್ತಳೆಯ ಮೇಲೆ ಕಂದು ಬಣ್ಣ ಬಳಿದಿದ್ದರೂ ಪುಟ್ಟ ಗೋಪುರದ ಗುರುತಿನಿಂದ ಹಳೆಯ ಹೋಟೆಲನ್ನು ಪತ್ತೆಹಚ್ಚುವವರ ಒಂದು ಪಂಗಡವೇ ಅಮೆರಿಕದಲ್ಲಿ ಹುಟ್ಟಿಕೊಂಡಿತು.

ಊಟ ಒಬ್ಬನ ಪಾಲಿಗೆ, ಹೆಸರು ಇನ್ನೊಬ್ಬನ ಪಾಲಿಗೆ ಹೋದ ಈ ಪಾಲುಪಟ್ಟಿಯ ಫಲ ನಮ್ಮ ಬೆಂಗಳೂರಿನಲ್ಲೂ ಕಾಣಸಿಗುತ್ತದೆ. ಹೆಬ್ಬಾಳದ ಹೆಸರು ಹೊತ್ತ ಒಂದು ಹೋಟೆಲಿನ ಫಲಕದ ಮೇಲೆ 'ಹೋವರ್ಡ್ ಜಾನ್ಸನ್' ಎಂದಿದೆ. ಲಾಡ್ಜುಗಳ ಹೆಸರು ಕೈಯಿಂದ ಕೈಗೆ ದಾಟಿ ಈಗ ವಿಂಡಮ್ ಕಂಪನಿಯ ಬಳಿ ಇದೆ, ದೇಶದೇಶಗಳಲ್ಲಿ ಬಾಡಿಗೆಗೆ ಓಡುತ್ತಿದೆ. ಅಲ್ಲಿ ತಂಗುವ ಸಾಫ್ಟ್‌ವೇರ್ ಹುಡುಗರಿಗೆ ಇದು 28 ಬಗೆಯ ಐಸ್‌ಕ್ರೀಮ್ ಮಾರುತ್ತಿದ್ದವನ ಹೆಸರೆಂದು ತಿಳಿಯುವ ದಾರಿಯೇ ಇಲ್ಲ.

ಊಟದ ಪಾಲಿನವರ ಕಥೆ ಬೇರೆ. ಕೆಲವು ಫ್ರಾಂಚೈಸಿ ಮಾಲೀಕರು 1986ರಲ್ಲಿ ಒಟ್ಟುಗೂಡಿ ತಮ್ಮದೇ ಸಂಸ್ಥೆ ಮಾಡಿಕೊಂಡು ಹಳೆಯ ಮೆನು ಉಳಿಸಲು ನೋಡಿದರು. ದೊಡ್ಡ ಕಂಪನಿ ಕೈಬಿಟ್ಟ ಮೇಲೂ ಮೂರು ದಶಕ ಕ್ಲಾಮ್ ಕರಿದವರು ಇವರೇ. ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ನ ಹೋಟೆಲು 2005ರ ಜುಲೈನಲ್ಲಿ ಬಾಗಿಲು ಹಾಕಿತು. ಲೇಕ್ ಪ್ಲಾಸಿಡ್‌ನದು 2015ರಲ್ಲಿ, ಮೇನ್ ರಾಜ್ಯದ ಬ್ಯಾಂಗರ್‌ನದು 2016ರ ಸೆಪ್ಟೆಂಬರಿನಲ್ಲಿ. ಕೊನೆಯದು ನ್ಯೂಯಾರ್ಕ್ ರಾಜ್ಯದ ಲೇಕ್ ಜಾರ್ಜ್‌ನಲ್ಲಿತ್ತು. 1953ರಲ್ಲಿ ತೆರೆದದ್ದು 2022ರಲ್ಲಿ ಮುಗಿಯಿತು.

ಕಾಗದಗಳನ್ನೆಲ್ಲ ಕಾಲಕ್ರಮದಲ್ಲಿ ಜೋಡಿಸಿದ ಮೇಲೆ ನನ್ನ ತೀರ್ಮಾನ ಇಷ್ಟು. ಮೆಕ್‌ಡೊನಾಲ್ಡ್ಸ್ ಪೈಪೋಟಿ ಕೊಟ್ಟಿತು, ತೈಲ ನೂಕಿತು, ಬ್ರಿಟಿಷರು ಅವಸರಪಡಿಸಿದರು. ಬೀಳುವಂತೆ ಮಾಡಿದ್ದು ಮಾತ್ರ ಒಳಗಿನ ಕಾಯಿಲೆ. 1944ರಲ್ಲಿ ಹನ್ನೆರಡೇ ಹೋಟೆಲು ಉಳಿದಿದ್ದಾಗ ಆ ಹನ್ನೆರಡರ ಊಟಕ್ಕೆ ನಾನು ಹೊಣೆ ಎನ್ನುವ ಒಬ್ಬ ಯಜಮಾನನಿದ್ದ. 1980ರಲ್ಲಿ ಸಾವಿರ ಹೋಟೆಲುಗಳಿದ್ದಾಗ ಷೇರುದಾರರಿದ್ದರು, ಆಡಳಿತ ಮಂಡಳಿಯಿತ್ತು, ಕೊಳ್ಳುವವರಿದ್ದರು. ತಟ್ಟೆಯ ಮೇಲಿನ ಪದಾರ್ಥಕ್ಕೆ ಹೊಣೆಗಾರ ಯಾರೆಂದು ಹೇಳುವವರಿರಲಿಲ್ಲ. ಬಾಗಿಲಿಗೆ ಬಂದವನನ್ನು ಮೈಬಣ್ಣ ನೋಡಿ ಹೊರಗಟ್ಟಿದಾಗ ಅದು ಸ್ಥಳೀಯ ವ್ಯಾಪಾರವಾಗಿತ್ತು, ದುಡಿದವರು ಹಕ್ಕು ಕೇಳಿದಾಗ ಹಳೆಯ ಮಾಲೀಕನ ವಿಷಯವಾಗಿತ್ತು. ಸೂಪು ನೀರಾಯಿತೆಂದು ಗಿರಾಕಿ ಗೊಣಗಿದಾಗಲೂ ಕೇಳಿಸಿಕೊಳ್ಳುವವರಿಲ್ಲದೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ.

ಒಂದೇ ಹೆಸರಿನಲ್ಲಿ ಊರೂರಿಗೆ ಶಾಖೆ ತೆರೆಯುತ್ತಿರುವ ನಮ್ಮ ಹೆದ್ದಾರಿಗಳ ಹೋಟೆಲಿನವರು ಈ ಕಡತವನ್ನು ಒಮ್ಮೆ ತಿರುವಿ ನೋಡುವುದು ಒಳ್ಳೆಯದು. ಹೆಸರನ್ನು ಬಾಡಿಗೆಗೆ ಕೊಡಬಹುದು, ಮಾರಲೂಬಹುದು. ಹೊಣೆಯನ್ನು ಹಾಗೆ ಮಾರಲು ಬರುವುದಿಲ್ಲ. ಅದನ್ನು ಹೊರುವವನು ಇರುವ ತನಕವೇ ಹೋಟೆಲು.